ತಾರ್ಲಾನನ ಊದಿದ ಮೊಣಕಾಲು

ಕತೋನ್-ಕರಗಾಯ್, ಆಗಸ್ಟ್ 9

ಮನೆಯ ಯಜಮಾನರಿಗೆ ನಿಮ್ಮ ಜಾನಿಲಳ ಸಲಾಮು.

ಸಂಜೆಯ ಜ್ವರ ಇಳಿಯಿತೇ? ರಾತ್ರಿ ಬೆವರಿ ಅಂಗಿ ತೋಯುವುದು, ಸೊಂಟ ಹಿಡಿದುಕೊಳ್ಳುವುದು ಹಾಗೆಯೇ ಇದೆಯೇ? ಆಸ್ಪತ್ರೆಯ ಚಹಾ ನಿಮ್ಮ ನಾಲಿಗೆಗೆ ಬರೀ ಬಿಸಿನೀರು, ಬಲ್ಲೆ. ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದದ ಜೊತೆ ಬೌರ್ಸಾಕ್ ಕರಿದು ಕಳಿಸಿದ್ದೇನೆ. ಪಕ್ಕದ ಮಂಚದವರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡಿ, ನೀವೂ ತಿನ್ನಿ.

ಇಲ್ಲಿ ಬೆಳಿಗ್ಗೆ ಮಂಜು ಬೆಟ್ಟದಿಂದ ಇಳಿದು ನಮ್ಮ ಬೇಲಿಯವರೆಗೂ ಬರುತ್ತದೆ. ಒಳಗೆ ಮರಾಲ್ ಜಿಂಕೆಗಳು ಹುಲ್ಲು ಕೀಳುವ ಸದ್ದು ಕೇಳುತ್ತದೆ, ಮೈ ಕಾಣುವುದಿಲ್ಲ. ನೀವೂ ಅವುಗಳ ನಡುವೆ ಎಲ್ಲೋ ಇದ್ದೀರಿ ಎನಿಸಿ, ಬಕೆಟ್ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತೇನೆ. ನಿನ್ನೆಯ ಕನಸಿನಲ್ಲಿ ನಿಮ್ಮ ಮುದ್ದಿನ ಗಂಡುಜಿಂಕೆ ತಾರ್ಲಾನ್ ನಮ್ಮ ಒಲೆಯ ಪಕ್ಕ ಮಲಗಿದ್ದ. ಔಷಧಿಗೆಂದು ಜೂನಿನಲ್ಲಿ ಕುಯ್ದ ಎಳೆಗೊಂಬುಗಳು ಮತ್ತೆ ತಲೆಯ ಮೇಲಿದ್ದವು, ನಮ್ಮ ಗೌಹರ್ ಅವಕ್ಕೆ ತನ್ನ ಜಡೆಯ ರಿಬ್ಬನ್ ಕಟ್ಟುತ್ತಿದ್ದಳು. "ಏಳೋ ಸೋಮಾರಿ" ಎಂದು ನೀವು ಗದರಿದಿರಿ. ಅವನು ಏಳಲಿಲ್ಲ.

ಕನಸು ಹುಸಿಯಾಗಲಿಲ್ಲ. ಹಿಂಡಿನಲ್ಲಿ ಎರಡು ಹೆಣ್ಣು ಜಿಂಕೆಗಳು ತಿಂಗಳು ತುಂಬದೆ ಕಂದು ಹಾಕಿದ್ದವಲ್ಲ, ಅದಕ್ಕೇ ಪಶುವೈದ್ಯೆ ಝಿನೈದಾ ಎಲ್ಲವುಗಳ ರಕ್ತ ಪರೀಕ್ಷೆಗೆ ಕಳಿಸಿದ್ದಳು. ತಾರ್ಲಾನನ ಮೊಣಕಾಲು ಊದಿದ್ದನ್ನು ಬೇಲಿಗೆ ಬಡಿದದ್ದು ಅಂದಿದ್ದಿರಿ. ಅಲ್ಲವಂತೆ, ಬ್ರುಸೆಲ್ಲಾ ಎಂಬ ರೋಗಾಣುವಂತೆ. ಅವನನ್ನು ಬೇರೆ ಕಟ್ಟಿದ್ದಾರೆ, ನಾಳೆ ಕೊಲ್ಲುತ್ತಾರೆ. ನನಗೆ ತುಂಬಾ ಅಳು ಬಂತು. "ಅವನಿಗಾಗಿ ಆಮೇಲೆ ಅಳುವಿಯಂತೆ ಕಣೇ. ಇದು ಮನುಷ್ಯರಿಗೂ ಅಂಟುತ್ತೆ. ನಿನ್ನ ಗಂಡನ ಜ್ವರ ಯಾವುದು ಅಂತ ಮೊದಲು ನೋಡಿಸು" ಎಂದಳು ಝಿನೈದಾ. ಹಸಿಹಾಲು ಕುಡಿದಿರಾ, ಪ್ರಾಣಿಯದು ಏನಾದರೂ ಹಸಿಯಾಗಿ ತಿಂದಿರಾ ಎಂದು ಡಾಕ್ಟರ್ ಕೇಳಿದಾಗ ನೀವು "ಇಲ್ಲ" ಅಂದಿರಂತೆ.

ನಿಮ್ಮ ತಾಯಿ ಐದು ಹೊತ್ತಿನ ನಮಾಜಿನಲ್ಲೂ ನಿಮ್ಮ ಹೆಸರೇ ಹೇಳುತ್ತಾರೆ. ಗೌಹರ್ ಮುತ್ತು ಕಳಿಸಿದ್ದಾಳೆ. ಬೇಗ ಗುಣವಾಗಿ.

ನಿಮ್ಮ
ಜಾನಿಲ್

ಮರೆಯುವ ಮುಂಚೆ: ಬಸ್ಸು ಹಾರ್ನ್ ಹೊಡೆಯುತ್ತಿದೆ. ತಾರ್ಲಾನನ ಕೊಂಬು ಕುಯ್ದ ದಿನ ಅದರಿಂದ ಸುರಿದ ಬಿಸಿರಕ್ತಕ್ಕೆ ವೋಡ್ಕಾ ಬೆರೆಸಿ ಗೆಳೆಯರ ಜೊತೆ ಕುಡಿದಿರಿ. ಮೀಸೆ ಒರೆಸಿಕೊಂಡಿರಿ, ಅಂಗಿತೋಳಿನ ಕಲೆ ಒಗೆದವಳು ನಾನು. ರಕ್ತ ಹರಾಮು, ಅಮ್ಮನಿಗೆ ತಿಳಿದರೆ ಎದೆ ಒಡೆದೀತು ಎಂದು ತಾನೇ ಡಾಕ್ಟರಿಗೂ ಬಾಯಿ ಬಿಡದೆ ಕೂತಿದ್ದೀರಿ? ಇವತ್ತು ನಾನೇ ಅಮ್ಮನಿಗೆ ಹೇಳಿಬಿಟ್ಟೆ. ಜಪಮಣಿ ಕೆಳಗಿಟ್ಟರು. ಆಮೇಲೆ, "ಆ ಪಾಪ ನನ್ನ ಕೊರಳಿಗಿರಲಿ. ಡಾಕ್ಟರಿಗೆ ನಿಜ ಹೇಳಿ, ಬದುಕಿ ಬಾ ಮಗನೇ ಅಂತ ಬರಿ" ಎಂದರು.