ಬೇಲಿಯ ಮೇಲಿದ್ದದ್ದು ಅವರೆಯಲ್ಲ

ಘಾಟ್ಕೋಪರ್
ಶ್ರಾವಣದ ಎರಡನೆಯ ಸೋಮವಾರ, ೧೯೫೭

ಸೇವಂತಿಬಾಯಿಯವರಿಗೆ ದಾನವ್ವನ ಶರಣು.

ನಾನು ಪತ್ರ ಬರೆಯುವವಳಲ್ಲ, ಜಗಳವಾಡುವವಳು. ಅದು ನಿಮಗೂ ಗೊತ್ತು, ನಮ್ಮ ಗಲ್ಲಿಗೂ ಗೊತ್ತು. ಮಗಳು ಚಂದ್ರವ್ವ ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಾಳೆ, ಏಳು ತಿಂಗಳು ತುಂಬಿದೆ. ಅವಳ ಹೆರಿಗೆ ಮಾಡಿಸಲು ನೀವೇ ಬರಬೇಕೆಂದು ನನ್ನ ಆಸೆ. ಆದರೆ ಬನ್ನಿ ಎನ್ನುವ ಮೊದಲು, ಮೂರೂವರೆ ವರ್ಷದಿಂದ ನುಂಗಿಕೊಂಡಿರುವ ಮಾತೊಂದನ್ನು ಹೇಳಬೇಕು. ಓದಿದ ಮೇಲೆ ಬರುವುದು ಬಿಡುವುದು ನಿಮ್ಮಿಷ್ಟ.

ನಮ್ಮ ಹಿತ್ತಲ ಬೇಲಿಯ ಮೇಲಿದ್ದದ್ದು ಅವರೆಯಲ್ಲ, ನಸುಗುನ್ನಿ. ಗೊತ್ತಿದ್ದೇ ಹಾಕಿದ್ದೆ.

ಸ್ಟೇಶನ್ನಿಗೆ ಹತ್ತಿರವೆಂದು ಹಿಂದಿನ ಚಾಳಿನ ಸಾಲುಮನೆಗಳವರೆಲ್ಲ ನಮ್ಮ ಹಿತ್ತಲೊಳಗೇ ದಾರಿ ಮಾಡಿಕೊಂಡಿದ್ದರು. ಮೆಂತ್ಯದ ಮಡಿ ತುಳಿದಾಗ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೆ ಬಾಯಿತುಂಬ ಬೈದು ಸುಮ್ಮನಾದೆ. ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಯಾರೋ ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಕೆಡವಿ ಹೋದರು. ಮೂರು ದಿನ ರಟ್ಟೆ ಮುರಿದು ಹೊಸೆದದ್ದು ಮಣ್ಣುಪಾಲಾಯಿತು. ಅದೇ ತಿಂಗಳು ವಿಜಾಪುರದ ಕಡೆಯ ನಮ್ಮೂರಿಗೆ ಹೋದವಳು, ಹೊಲದ ಬದುವಿನಲ್ಲಿ ಉದುರಿದ್ದ ನಸುಗುನ್ನಿ ಬೀಜ ಆರಿಸಿ ಕಡ್ಡಿಪೆಟ್ಟಿಗೆಯಲ್ಲಿಟ್ಟು ತಂದೆ.

ಬೀಜ ಕಲ್ಲಿನಷ್ಟು ಗಟ್ಟಿ. ಒಂದಿಡೀ ದಿನ ನೀರಲ್ಲಿ ನೆನೆಸಿ, ಮೊದಲ ಮಳೆಗೇ ಊರಿದೆ. ಎರಡು ತಿಂಗಳಲ್ಲಿ ಬೇಲಿಯೇ ಕಾಣದಂತಾಗಿ ಜನ ಸುತ್ತಿ ಹೋಗತೊಡಗಿದರು. ಯಜಮಾನರಿಗೆ ಅವರೆ ಎಂದು ಹೇಳಿದೆ. ಎರಡಕ್ಕೂ ಮೂರು ಮೂರೇ ಎಲೆ, ಯಾರಾದರೂ ನಂಬಬೇಕು. ಹೂ ಬಿಟ್ಟಾಗ ಮಾತ್ರ ಬಣ್ಣ ಬಯಲಾಗುತ್ತದೆ: ಅವರೆಯ ಗೊಂಚಲು ತಲೆಯೆತ್ತಿ ನಿಲ್ಲುತ್ತದೆ, ಇದರದು ಕಡು ನೇರಳೆ, ಕೆಳಗೆ ಜೋತಾಡುತ್ತದೆ. ಕಾಯಿ ಒಣಗಿತೆಂದರೆ ಮೈತುಂಬ ಹೊಂಬಣ್ಣದ ರೋಮ, ಮುಟ್ಟಿದವರು ಕೆರೆದುಕೊಂಡೇ ಸಾಯಬೇಕು. ನಮ್ಮ ಯಜಮಾನರು ಡ್ಯೂಟಿಯಿಂದ ಬಂದು ಉಂಡು ಮಲಗುವವರು, ಹೂ ನೋಡುವ ಪೈಕಿಯಲ್ಲ.

ಮರುವರ್ಷದ ಜನವರಿಯಲ್ಲಿ, ಚಾಳಿನ ಕಾಶವ್ವನಿಗೆ ನೋವು ಶುರುವಾಗಿ ನಿಮಗೆ ಕರೆ ಬಂತು. ಮಟಮಟ ಮಧ್ಯಾಹ್ನ. ಎಷ್ಟೋ ತಿಂಗಳ ಮೇಲೆ ಈ ಕಡೆ ಬಂದಿದ್ದ ನೀವು ಹಳೆಯ ರೂಢಿಯಂತೆ ನಮ್ಮ ಹಿತ್ತಲಿಗೇ ಇಳಿದಿರಿ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ನೀವು ಎರಡೂ ಕೈಯಿಂದ ಬಳ್ಳಿ ಸರಿಸಿ ದಾಟಿದ್ದನ್ನು ನೋಡಿದೆ. ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ.

ನಿಮ್ಮ ಹಿಂದೆಯೇ ಕಾಶವ್ವನ ಮನೆಗೆ ಓಡಿ ಬಂದಾಗ ನಿಮ್ಮ ಕೈ ಕೆಂಪಗೆ ಬಾತಿತ್ತು. ಸಾಬೂನು ಹಚ್ಚಿ ಹಚ್ಚಿ ತೊಳೆಯುತ್ತಿದ್ದಿರಿ. ಅದಕ್ಕೆ ನೀರು ತಾಗಿಸಬಾರದು, ಒಣ ಬೂದಿ ತಿಕ್ಕಿ ಉದುರಿಸಬೇಕು ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಕಾಶವ್ವನ ಒಲೆಯ ತುಂಬ ಬೂದಿಯಿತ್ತು. "ನಿಮ್ಮ ಬೇಲಿಯಲ್ಲಿ ಎಂತದು ಬಳ್ಳಿ ಅದು?" ಎಂದು ನೀವು ಕೇಳಿದಿರಿ. "ಅವರಿ ಬಳ್ಳಿ ಐತ್ರಿ. ಅವರೀಗೆ ಯಾರ ಕೈ ಕೆರೀತಾವ?" ಎಂದುಬಿಟ್ಟೆ. ಅಲ್ಲಿದ್ದ ಹೆಂಗಸರೆಲ್ಲ ನಿಮ್ಮ ಕೈಯನ್ನೇ ನೋಡಿದರು.

ನೀವು ಗೋಡೆಗೆ ಒರಗಿ ನಿಂತು, "ಈ ಕೈಯಲ್ಲಿ ನಾನು ಮಗು ಮುಟ್ಟುವುದಿಲ್ಲ. ದಾನವ್ವ, ನೀವು ಕೈ ತೊಳ್ಕೊಳ್ಳಿ. ನಾನು ಹೇಳಿದ ಹಾಗೆ ಮಾಡಿ ಮಾರಾಯ್ತಿ" ಎಂದಿರಿ. ಹೇಳಿದ ಹಾಗೆ ಮಾಡಿದೆ. ಮಗು ಬಂತು, ಆದರೆ ಅಳಲಿಲ್ಲ. "ಬೆನ್ನು ತಿಕ್ಕಿ, ಇನ್ನೂ ತಿಕ್ಕಿ" ಎಂದು ನೀವು ಹಲ್ಲು ಕಚ್ಚಿಕೊಂಡು ಹೇಳುತ್ತಲೇ ಇದ್ದಿರಿ. ಅದು ಅತ್ತಾಗ ನಾನೂ ಅತ್ತೆ. ಸಂತೋಷಕ್ಕೆಂದು ಎಲ್ಲರೂ ತಿಳಿದರು.

ಕಾಶವ್ವ ನನಗೆ ಇಳಕಲ್ ಸೀರೆ ಉಡಿಸಿದಳು. ಗಲ್ಲಿಯೆಲ್ಲ ನನ್ನ ಕೈಗುಣವನ್ನು ಹೊಗಳಿತು. ನಿಮಗೆ ಮಾತ್ರ "ಆ ನರಸಬಾಯಿ ಕೈಯಾಗ ಇಸಬು ರೋಗ ಐತಿ" ಎಂಬ ಹೆಸರು ಬಂತು. ಆಮೇಲೆ ಈ ಕಡೆಯಿಂದ ಯಾರೂ ನಿಮ್ಮನ್ನು ಕರೆಯಲಿಲ್ಲ. ಒಮ್ಮೆ ಸ್ಟೇಶನ್ನಿನಲ್ಲಿ ಸಿಕ್ಕಾಗ "ಕಾಶವ್ವನ ಮಗು ಹೇಗುಂಟು?" ಎಂದಷ್ಟೇ ಕೇಳಿದಿರಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬಾಯಿ.

ಹೆರಿಗೆಯ ಮರುದಿನವೇ ಕೈಗೆ ಗೋಣಿ ಸುತ್ತಿಕೊಂಡು, ರೋಮ ಹಾರದಂತೆ ಕಾಯಿಗೆ ನೀರು ಚಿಮುಕಿಸಿ, ಬಳ್ಳಿಯನ್ನೆಲ್ಲ ಕಿತ್ತು ಹೂತಿದ್ದೆ. ಬೀಜ ಅದಾಗಲೇ ಉದುರಿತ್ತು. ಅಂದಿನಿಂದ ಪ್ರತಿ ಮಳೆಗಾಲ ಬೇಲಿಯ ಬುಡದಲ್ಲಿ ಕುಳಿತು, ಸಸಿ ಎಳೆಯದಾಗಿರುವಾಗಲೇ ಬೇರುಸಹಿತ ಕೀಳುತ್ತೇನೆ. ಹೂ ಬಿಡಲು ಬಿಟ್ಟರೆ ಕೆಟ್ಟೆವು. ಮೊದಲ ವರ್ಷ ಬುಟ್ಟಿ ತುಂಬ ಬಂದಿತ್ತು, ಈ ವರ್ಷ ಏಳೇ ಸಸಿ. ಇನ್ನೆರಡು ಮಳೆಗಾಲದಲ್ಲಿ ನೆಲ ಚೊಕ್ಕಟವಾದೀತು. ಆಡಿದ ಸುಳ್ಳನ್ನು ಹಾಗೆ ಕೀಳಲಾಗಲಿಲ್ಲ, ಅದು ಚಾಳಿನ ಎಲ್ಲರ ಬಾಯಲ್ಲಿತ್ತು.

ನಿನ್ನೆ ಕಾಶವ್ವನ ಮನೆಗೆ ಹೋಗಿ, ಸೀರೆ ಮುಂದಿಟ್ಟು, ನಾಲ್ಕು ಜನರೆದುರು ಎಲ್ಲ ಹೇಳಿದೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಸಂಜೆಯೊಳಗೆ ಗಲ್ಲಿಗೆಲ್ಲ ತಿಳಿಯಿತು. ಇನ್ನು ನಿಮ್ಮ ಕೈಗೆ ರೋಗ ಎನ್ನುವವರಿಲ್ಲ.

ಚಂದ್ರವ್ವನಿಗೂ ನಾನೇ ಹೇಳಿದೆ. "ಯವ್ವಾ, ಆ ಬಾಯಾರು ಬಂದ್ರ ಬರಲಿ, ಇಲ್ಲಂದ್ರ ದವಾಖಾನಿಗೆ ಹೋಗತೀನಿ. ನಿನ್ನ ಕೈ ಮಾತ್ರ ನನಗ ಬ್ಯಾಡ" ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನನಗಾಗಿ ಬೇಡ, ಅವಳಿಗಾಗಿ ಬನ್ನಿ. ಬಿಸಿನೀರು ಕಾಯಿಸಿ ಹೊಸ್ತಿಲಿನವರೆಗೆ ತಂದಿಡುತ್ತೇನೆ. ನೀವು ಕರೆಯುವವರೆಗೂ ಒಳಗೆ ಕಾಲಿಡುವುದಿಲ್ಲ.

ನಿಮ್ಮ ಕೈಗಳು ನೂರು ವರ್ಷ ತಂಪಾಗಿರಲಿ.

ನಿಮ್ಮ ದಾರಿ ಕಾಯುವ,
ದಾನವ್ವ