ದಕ್ಷಿಣದ ಕಿಟಕಿ

ಮೆಟುಂಗ್ ದಿಬ್ಬ, ಬೇರ್ನ್ಸ್‌ಡೇಲ್ ಬಳಿ
ಮಂಗಳವಾರ, ೧೧ ಜೂನ್ ೧೯೯೧

ಮುದ್ದಿನ ಅಪ್ಪಾ,

ನಮ್ಮ ಮನೆಯ ನಕ್ಷೆಗೆ ಶುಕ್ರವಾರ ಒಪ್ಪಿಗೆ ಸಿಕ್ಕಿತು, ಮತ್ತು ಆ ಮನೆಯ ನಟ್ಟನಡುವೆ ನಿನ್ನ ಬಾವಿ ಇದೆ!

ಪತ್ರವನ್ನು ಹೀಗೆ ಶುರು ಮಾಡಬಾರದು, ಮೊದಲು ಕ್ಷೇಮ ವಿಚಾರಿಸಬೇಕು, ಗೊತ್ತು. ನಿನ್ನ ಮೊಣಕಾಲು ಹೇಗಿದೆ? ಪಾರಿವಾಳಗಳು ಹೇಗಿವೆ? ಕೇಳಿಯಾಯಿತಲ್ಲ, ಇನ್ನು ನನ್ನದು ಹೇಳುತ್ತೇನೆ. ನೀನು ನನ್ನ ಜೊತೆ ಮಾತು ಬಿಟ್ಟು ಐದೂವರೆ ತಿಂಗಳಾಯಿತು. ಫೋನ್ ಮಾಡಿದರೆ ರಿಸೀವರ್ ಅಮ್ಮನ ಕೈಗೆ ದಾಟಿಸಿಬಿಡುತ್ತೀ. ಪತ್ರವನ್ನು ಹಾಗೆ ದಾಟಿಸಲಾಗದು, ಲಕೋಟೆಯ ಮೇಲೆ ನಿನ್ನೊಬ್ಬನ ಹೆಸರನ್ನೇ ಬರೆದಿದ್ದೇನೆ. ಅದೂ ನಿನ್ನ ಮಾಲ್ಟೀಸ್ ಭಾಷೆಯಲ್ಲೇ ಬರೆಯುತ್ತಿದ್ದೇನೆ! ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು, ಒಂದೊಂದು ಸಾಲಿಗೂ ನೀನು ನಗುತ್ತೀ. ನಗು. ಕಡೇ ಪಕ್ಷ ನಕ್ಕ ಹಾಗಾಯಿತು.

ಮದುವೆಯಾಗಿ ಒಂಬತ್ತು ವಾರ. ಒಂಬತ್ತು ವಾರವೂ ನಾವು ಈ ದಿಬ್ಬದ ಮೇಲೆ ಒಂದು ಹಳೆಯ ಕ್ಯಾರವಾನಿನಲ್ಲಿ ಇದ್ದೇವೆ. ಮಧುಚಂದ್ರವೂ ಇಲ್ಲೇ. ಎದುರಿಗೆ ಸರೋವರ, ಹಿಂದೆ ಕೆಂಪು ಗಮ್ ಮರಗಳು, ಮಧ್ಯೆ ನಾವಿಬ್ಬರು ಮತ್ತು ಬಿಲ ತೋಡಿಕೊಂಡಿರುವ ಒಂದು ದಪ್ಪ ವಾಂಬ್ಯಾಟ್. ಡಂಕನ್‌ನ ಕಟ್ಟುನಿಟ್ಟು ಏನು ಗೊತ್ತೇ? ಒಂದು ಜಾಗದಲ್ಲಿ ಮಲಗಿ, ಎದ್ದು, ಚಳಿಯಲ್ಲಿ ನಡುಗಿ, ಬಿಸಿಲಲ್ಲಿ ಬೆವೆತ ಮೇಲೆಯೇ ಅವನು ಪೆನ್ಸಿಲ್ ಮುಟ್ಟುವುದು. ಜಾಗವನ್ನು ಕೊಂಡು ಎರಡು ವರ್ಷವಾಗಿದೆ, ಪ್ರತಿ ತಿಂಗಳೂ ಇಲ್ಲಿ ಬಂದು ಮಲಗಿದ್ದಾನಂತೆ. ಬೇರೆಯವರಿಗೆ ಮನೆ ಮಾಡುವಾಗಲೂ ಹೀಗೆಯೇ. ಗ್ರಾಹಕರು ಕೇಳುತ್ತಾರೆ, "ಏನಪ್ಪಾ, ಟೆಂಟ್ ಹಾಕ್ಕೊಂಡು ಪಿಕ್ನಿಕ್ ಮಾಡ್ತಿದೀಯಾ, ನಕ್ಷೆ ಎಲ್ಲಿ?" ಅಂತ. ಇವನು, "ಗಾಳಿ ಇನ್ನೂ ಬಂದಿಲ್ಲ, ಬಂದ್ಮೇಲೆ ಹೇಳ್ತೀನಿ," ಅನ್ನುತ್ತಾನೆ!

ಬೆಳಿಗ್ಗೆ ಚಹದ ಲೋಟ ಹಿಡಿದು ನಾನು ಎಲ್ಲಿ ನಿಲ್ಲುತ್ತೇನೋ ಅಲ್ಲಿ ಒಂದು ಗೂಟ ಹೊಡೆಯುತ್ತಾನೆ. ಬಿಸಿಲು ಎಲ್ಲಿದೆಯೋ ನಾನು ಬೆಕ್ಕಿನ ಹಾಗೆ ಅಲ್ಲಿಗೇ ಹೋಗುತ್ತೇನಂತೆ. ಗಾಳಿ ನೋಡಲು ಗೂಟಗಳಿಗೆ ಬಟ್ಟೆಯ ಪಟ್ಟಿ ಬೇಕಿತ್ತು, ನನ್ನ ಮದುವೆಯ ಮುಸುಕನ್ನು ಹರಿದು ಕೊಟ್ಟೆ. ಹೆದರಬೇಡ, ಅದು ಅಂಗಡಿಯದು, ಅಮ್ಮನದಲ್ಲ. ಈಗ ದಿಬ್ಬದ ತುಂಬ ಬಿಳಿಯ ಪಟ್ಟಿಗಳು ಹಾರಾಡುತ್ತವೆ, ನೈರುತ್ಯದ ಗಾಳಿ ಬಂದಾಗ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆ. ಗಾಳಿ ಬರುವ ಕಡೆಗೆ ಮನೆಗೆ ಒಂದು ಕಿಟಕಿಯೂ ಇಲ್ಲ, ದಪ್ಪ ಗೋಡೆ ಮಾತ್ರ. ಇನ್ನು ವಾಂಬ್ಯಾಟ್: ಅದರ ಸಂಜೆಯ ದಾರಿ ಸರಿಯಾಗಿ ನಮ್ಮ ಅಡಿಗೆಮನೆಯ ನಡುವೆ ಹೋಗುತ್ತಿತ್ತು. ನಾನು, "ಅದನ್ನ ಓಡ್ಸೋಣ," ಎಂದೆ. "ಅದು ನಮಗಿಂತ ಮೊದ್ಲು ಬಂದಿರೋದು ಕಣೇ, ನಾವೇ ಜರುಗೋಣ," ಎಂದು ಮನೆಯನ್ನೇ ಎರಡು ಮಾರು ಜರುಗಿಸಿದ. ಅಪ್ಪಾ, ಪ್ರಾಣಿಗೆ ದಾರಿ ಬಿಟ್ಟು ಮನೆ ಕಟ್ಟುವ ಗಂಡನನ್ನು ನಾನು ಹೇಗೆ ಮೆಚ್ಚದೆ ಇರಲಿ?

ನೀನು ಈಗ, "ತಗಡಿನವನ ಪುರಾಣ ಸಾಕು," ಅನ್ನುತ್ತಿರುತ್ತೀ. ಹೌದು, ನಮ್ಮ ಮನೆಯ ಮಾಡು ತಗಡಿನದೇ. ಆದರೆ ಕೇಳು, ಎರಡೂ ಕಡೆಯ ಮಾಡು ಹೊರಗಲ್ಲ, ಒಳಗೆ ಇಳಿಯುತ್ತದೆ, ನಡುವಿನ ಅಂಗಳಕ್ಕೆ. ಬಿದ್ದ ಮಳೆಯೆಲ್ಲ ಅಂಗಳದ ಅಡಿಯ ಬಾವಿಗೆ. ಈ ದಿಬ್ಬಕ್ಕೆ ಊರಿನ ನಲ್ಲಿ ಬರುವುದಿಲ್ಲ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ನಂಬಬೇಕಾದದ್ದು ಅದೇ ನೀರನ್ನು. ಈ ಉಪಾಯ ಯಾರದು? ಕಳೆದ ಕ್ರಿಸ್ಮಸ್ ಊಟದಲ್ಲಿ ನೀನು ಹೇಳಿದ್ದು! ಗೋಜೊ ದ್ವೀಪದ ನಿಮ್ಮ ಮನೆಯಲ್ಲಿ ಮಾಳಿಗೆಯ ನೀರು ಅಂಗಳದ ಬಾವಿಗೆ ಇಳಿಯುತ್ತಿದ್ದದ್ದು, ಒಂಬತ್ತು ವರ್ಷದ ನಿನ್ನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಬಾವಿ ತೊಳೆಯಲು ಇಳಿಸಿದ್ದು, ಒಳಗಿನಿಂದ ನೀನು ಹಾಡಿದರೆ ಬೀದಿಗೆಲ್ಲ ಕೇಳುತ್ತಿದ್ದದ್ದು. ಡಂಕನ್ ಬಾಯಲ್ಲಿದ್ದ ಮ್ಯಾಕರೋನಿ ನುಂಗುವುದನ್ನೂ ಮರೆತು ಕೇಳುತ್ತಿದ್ದ. ನೀನೂ ಎಷ್ಟು ಖುಷಿಯಲ್ಲಿದ್ದೆ! ಅವನ ಲೋಟಕ್ಕೆ ನೀನೇ ವೈನ್ ಹಾಕಿದೆ.

ಆಮೇಲೆ ಅವನು ಆ ಮಾತು ಆಡಿದ.

ಅದನ್ನು ಬರೆಯುವುದೋ ಬೇಡವೋ ಎಂದು ಎರಡು ಲೋಟ ಚಹ ಕುಡಿದೆ. ಬರೆಯುತ್ತೇನೆ. ನಿಮ್ಮ ಅಡಿಗೆಮನೆಯ ದೊಡ್ಡ ಕಿಟಕಿಯ ಕಡೆ ತಿರುಗಿ, ನಗುನಗುತ್ತಲೇ, "ಅಲ್ಲಾ, ಈ ಮನೆ ಸೂರ್ಯನಿಗೆ ಬೆನ್ನು ಹಾಕ್ಕೊಂಡು ಕೂತಿದೆಯಲ್ಲ, ಯಾರಪ್ಪಾ ಕಟ್ಟಿದ್ದು?" ಎಂದ. ನೀನು ಫೋರ್ಕ್ ಕೆಳಗಿಟ್ಟೆ. "ನಾನು," ಎಂದೆ. ಎದ್ದು ನಿಂತು, "ತಗಡಿನ ಡಬ್ಬ ಕಟ್ಟೋನು ನಂಗೆ ಸೂರ್ಯ ಎಲ್ಲಿದಾನೆ ಅಂತ ಹೇಳ್ಕೊಡ್ತಾನೆ!" ಎಂದು ಪಾರಿವಾಳದ ಗೂಡಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಅಮ್ಮ ಎಲ್ಲರಿಗೂ ಇನ್ನಷ್ಟು ಬಡಿಸಿದಳು.

ಅಪ್ಪಾ, ನೀನು ಈ ದೇಶಕ್ಕೆ ಬಂದದ್ದು ಡಿಸೆಂಬರಿನಲ್ಲಿ, ಸೂರ್ಯ ನೆತ್ತಿಯ ಮೇಲಿದ್ದಾಗ. ನಿಮ್ಮ ದ್ವೀಪದಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬರುತ್ತದೆ, ಅಲ್ಲಿ ಹುಟ್ಟಿದ ಯಾವ ಮೇಸ್ತ್ರಿಯಾದರೂ ಅಡಿಗೆಮನೆಯ ಕಿಟಕಿಯನ್ನು ದಕ್ಷಿಣಕ್ಕೇ ತೆರೆಯುತ್ತಿದ್ದ. ಈ ದೇಶದಲ್ಲಿ ಅದು ಉತ್ತರದಿಂದ ಬರುತ್ತದೆ ಎಂದು ತಿಳಿಯುವ ಹೊತ್ತಿಗೆ ಜೂನ್ ಬಂದಿತ್ತು, ಕಪ್ಪುಕಲ್ಲಿನ ಗೋಡೆ ಎದ್ದಿತ್ತು, ಅಮ್ಮನ ಹಡಗು ಮೆಲ್ಬರ್ನ್ ಮುಟ್ಟಿತ್ತು. ಇದರಲ್ಲಿ ನಾಚಿಕೆಯ ವಿಷಯ ಏನಿದೆ?

ಇನ್ನೊಂದು ಹೇಳಲೇ? ಆ ಕಿಟಕಿಯಿಂದಲೇ ನಾನು ಚಿತ್ರಗಾರ್ತಿಯಾದದ್ದು. ಮಕ್ಕಳ ಪುಸ್ತಕಗಳಿಗೆ ಹೂವು, ಹಕ್ಕಿ ಬರೆದು ಬದುಕುತ್ತಿದ್ದೇನಲ್ಲ, ಅದನ್ನೆಲ್ಲ ಕಲಿತದ್ದು ಆ ಮೇಜಿನ ಮೇಲೆ. ದಕ್ಷಿಣದ ಬೆಳಕು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಇರುತ್ತದೆ, ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ನಾನು ಎಲ್ಲ ಕಡೆಯೂ ಬೆಳಕು ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ! ಇಲ್ಲಿ ನನ್ನ ಚಿತ್ರದ ಕೋಣೆಗೆ ಕಿಟಕಿ ಯಾವ ಕಡೆ ಇರಲಿ ಎಂದು ಡಂಕನ್ ಕೇಳಿದಾಗ ನನ್ನ ಕೈ ತಾನಾಗಿ ದಕ್ಷಿಣಕ್ಕೆ ಹೋಯಿತು. ಅವನು ಪೆನ್ಸಿಲ್ ಎತ್ತಿಕೊಂಡು, "ನಿಮ್ಮಪ್ಪನ ಕಿಟಕಿಯ ಅಳತೆ ನೆನಪಿದ್ಯಾ? ಅದನ್ನೇ ಹಾಕೋಣ," ಎಂದ. ಹಾಕಿದ್ದಾನೆ, ಒಂದು ಅಂಗುಲವೂ ಹೆಚ್ಚು ಕಡಿಮೆ ಇಲ್ಲ.

ಈಗ ಅಸಲು ವಿಷಯ. ಜುಲೈ ಒಂದನೇ ತಾರೀಖು ಬಾವಿ ತೋಡುವ ಯಂತ್ರ ಬರುತ್ತದೆ. ತೋಡುವುದು ಸುಲಭ, ನೀರು ಸೋರದ ಹಾಗೆ ಒಳಗೆ ಗಾರೆ ಹಿಡಿಸುವುದೇ ಕಷ್ಟ. ಹೆಂಚು, ಮಡಕೆ ಪುಡಿ ಮಾಡಿ ಸುಣ್ಣದಲ್ಲಿ ಕಲಸುವ ನಿಮ್ಮೂರಿನ ಗಾರೆ. ಡಂಕನ್ ನಿನ್ನ ಮಾತು ನೆನಪಿಟ್ಟುಕೊಂಡು ಮೂರು ಸಲ ಕಲಸಿದ, ಮೂರು ಸಲವೂ ಬಿರುಕು. ಗುತ್ತಿಗೆದಾರ ಹೇಳುತ್ತಾನೆ, "ಯಾಕ್ ಸ್ವಾಮಿ ಒದ್ದಾಡ್ತೀರಾ, ಹಿಂದೆ ಒಂದು ಪ್ಲಾಸ್ಟಿಕ್ ಟ್ಯಾಂಕ್ ಇಟ್ಬಿಡಿ." ಗಾರೆ ಹಿಡಿಸುವವರು ಸಿಗದಿದ್ದರೆ ಅದೇ ಗತಿ, ಅಂಗಳಕ್ಕೆ ಸಿಮೆಂಟು ಬಳಿದು ಮುಚ್ಚಬೇಕು. ನಕ್ಷೆಯಲ್ಲಿ ಬಾವಿಯ ಪಕ್ಕ ಡಂಕನ್ ನಿನ್ನ ಹೆಸರು ಹಾಕಿ ಏನು ಬರೆದಿದ್ದಾನೆ ಗೊತ್ತೇ? "ಗಾರೆ: ವೆನ್ಸು ಸಲೀಬಾ ಹೇಳಿದಂತೆ." ಕಚೇರಿಯವರು ಅದರ ಮೇಲೂ ಮೊಹರು ಒತ್ತಿದ್ದಾರೆ! ನೀನು ಒಪ್ಪಲಿ ಬಿಡಲಿ, ಸರ್ಕಾರ ಒಪ್ಪಿದೆ.

ನಾನು ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ, ಸುಣ್ಣ ತರಲು ಬೇರ್ನ್ಸ್‌ಡೇಲ್‌ಗೆ ಹೋಗಿದ್ದಾನೆ, ನಾಲ್ಕನೇ ಸಲದ ಪ್ರಯತ್ನಕ್ಕೆ. ಅವನೂ ನಿನಗೆ ಪತ್ರ ಬರೆದಿದ್ದಾನೆ, ಒಂದಲ್ಲ, ನಾಲ್ಕು. ನಾಲ್ಕೂ "ಮಾನ್ಯ ಸಲೀಬಾ ಅವರೇ, ಕ್ಷಮಿಸಿ" ಎನ್ನುವಲ್ಲಿಗೆ ನಿಂತು ಒಲೆಯ ಪಕ್ಕದ ಡಬ್ಬಿ ಸೇರಿವೆ. ಮನೆಗಳ ಬಗ್ಗೆ ಅಷ್ಟು ಮಾತಾಡುವವನಿಗೆ ಇಷ್ಟು ಬರೆಯಲು ಬಾರದು.

ನೀನು ಮದುವೆಗೆ ಬರಲಿಲ್ಲ. ಅಮ್ಮ ಒಬ್ಬಳೇ ರೈಲಿನಲ್ಲಿ, ತೊಡೆಯ ಮೇಲೆ ಪಸ್ಟಿಝಿ ಕಡುಬುಗಳ ತಟ್ಟೆ ಇಟ್ಟುಕೊಂಡು ಬಂದಳು. ನನಗೇನೂ ಬೇಸರವಾಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಚರ್ಚಿನ ಬಾಗಿಲಿನಿಂದ ಒಬ್ಬಳೇ ನಡೆದು ಹೋದೆ, ಬಲಗೈಯನ್ನು ಮಡಚಿ, ಯಾರದೋ ತೋಳು ಹಿಡಿದ ಹಾಗೆ. ಅಷ್ಟೇ.

ಗಾರೆ ಕೆಲಸದ ನಿನ್ನ ಕರಣೆ, ರಸಮಟ್ಟ ತೆಗೆದಿಡು. ನಿನ್ನನ್ನು ಕರೆದೊಯ್ಯಲು ನಾನೇ ಬರುತ್ತಿದ್ದೇನೆ. ಹಿಂದಿರುಗಲು ಮೂರು ಟಿಕೆಟ್ ಕೊಂಡಾಗಿದೆ, ಪಾರಿವಾಳಗಳಿಗೆ ಪಕ್ಕದ ಮನೆಯವರು ಕಾಳು ಹಾಕುತ್ತಾರೆ, ಅಮ್ಮ ಹೇಳಿಟ್ಟಿದ್ದಾಳೆ. ಬರುವುದಿಲ್ಲ ಎನ್ನುವುದಾದರೆ ನನ್ನ ಮುಖ ನೋಡಿ ಹೇಳು.

ನಿನ್ನ ಮುದ್ದಿನ, ತಲೆಹರಟೆ ಮಗಳು,
ಮಾರ್ತೀಸ್

ಸಹಿ ಹಾಕಿದ ಮೇಲೆ ಬರೆದದ್ದು: ಒಂದು ಮಾತು ಮುಚ್ಚಿಟ್ಟಿದ್ದೆ. ಕ್ರಿಸ್ಮಸ್ ದಿನ ನೀನು ಎದ್ದು ಹೋದ ಮೇಲೆ ಡಂಕನ್ ನಾಚಿಕೆಯಿಂದ ಹಿತ್ತಲ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಕೂತ. ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅಲ್ಲಿನ ಕಲ್ಲಿನ ಕಟ್ಟೆಯನ್ನು ಟೇಪು ಹಿಡಿದು ಅಳೆಯುತ್ತಿದ್ದಾನೆ! "ಇದು ಯಾಕಿದೆ?" ಎಂದ. "ಬಟ್ಟೆ ಬುಟ್ಟಿ ಇಡೋಕೆ ಅಂತ ಅಪ್ಪ ಮಾಡಿದ್ದು," ಎಂದೆ. "ಬುಟ್ಟಿಗೆ ಬೆನ್ನು ಒರಗಿಸೋಕೆ ಜಾಗ ಬೇಕಾ?" ಎಂದ. ಕಟ್ಟೆಯ ಎತ್ತರ ಸರಿಯಾಗಿ ಅಮ್ಮನ ಮೊಣಕಾಲಿಗೆ. ಹಿಂದಿನ ಕಲ್ಲು ಸ್ವಲ್ಪ ವಾಲಿದೆ. ಎದುರಿನ ಪುಟ್ಟ ಕಿಟಕಿ ಈಶಾನ್ಯಕ್ಕೆ, ಜೂನಿನಲ್ಲಿ ಒಂಬತ್ತರಿಂದ ಹನ್ನೊಂದರವರೆಗೆ ಬಿಸಿಲು ಕಟ್ಟೆಯ ಮೇಲೆಯೇ ಬೀಳುತ್ತದೆ ಎಂದು ಲೆಕ್ಕ ಹಾಕಿದ. "ಈ ಮನೇಲಿ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ನಾನು ಕಟ್ಟಿರೋ ಯಾವ ಮನೇಲೂ ಇಲ್ಲ," ಎಂದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಅವರಿಗೆ ಗೊತ್ತಿಲ್ಲದ್ದೇನೂ ನಾನು ಹೇಳ್ಲಿಲ್ಲ. ಗೊತ್ತಿರೋದನ್ನ ಎಲ್ಲರ ಮುಂದೆ ಹೇಳ್ಬಿಟ್ಟೆ," ಎಂದ. ಇದನ್ನು ಹೇಳಲು ಪಾರಿವಾಳದ ಗೂಡಿನ ಬಾಗಿಲು ಎರಡು ಸಲ ತಟ್ಟಿದ. ನೀನು ತೆಗೆಯಲಿಲ್ಲ.

ಮದುವೆಯ ಹಿಂದಿನ ದಿನ ಆ ಕಟ್ಟೆಯ ವಿಷಯ ಅಮ್ಮನನ್ನು ಕೇಳಿದೆ. ಮೊದಲು ನನ್ನ ಕೈಗೆ ಒಂದು ಏಟು ಹಾಕಿದಳು, ಆಮೇಲೆ ಹೇಳಿದಳು. "ಹಡಗಿಳಿದು ಬಂದ ದಿನ ಆ ದೊಡ್ಡ ಕಿಟಕಿ ಮುಂದೆ ನಿಲ್ಲಿಸಿದ್ರು. ಕತ್ತಲೆ, ಚಳಿ. ನಿಮ್ಮಪ್ಪನ ಮುಖ ನೋಡಿದೆ, ಎಷ್ಟು ಚೆನ್ನಾಗಿದೆ ಅಂದೆ. ಮುಂದಿನ ಚಳಿಗಾಲಕ್ಕೆ ಆ ಕಟ್ಟೆ ಬಂತು. ಬುಟ್ಟಿಗೆ ಅಂದ್ರು, ಹೂಂ ಅಂದೆ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ಕೊಂಡೇ ಹೋಗ್ತೀನಿ ಕಣೇ, ಎಷ್ಟೋ ದಿನ ಅದು ಖಾಲಿ! ಕಿಟಕಿ ತಪ್ಪಿದ್ದು ಅವರಿಗೆ ಗೊತ್ತು ಅಂತ ನಂಗೆ ಗೊತ್ತು. ನಂಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ಹಾಗೇ ಇರ್ಲಿ, ನೀನು ಬಾಯಿ ಬಿಡ್ಬೇಡ." ನಾನು ಬಾಯಿ ಬಿಟ್ಟಿಲ್ಲ ಅಪ್ಪಾ, ಬರೆದಿದ್ದೇನೆ ಅಷ್ಟೇ.

ಕಾಫಿಯ ಗಾಜಿನ ಲೋಟ ಇಡಲು ಆ ಕಟ್ಟೆಯ ಪಕ್ಕದ ಗೋಡೆಯಲ್ಲಿ ನೀನು ಒಂದಲ್ಲ, ಎರಡು ಗೂಡು ಕೊರೆದಿದ್ದೀಯ. ಅದನ್ನೂ ಡಂಕನ್ನೇ ತೋರಿಸಿದ. ಎರಡನೆಯದರಲ್ಲಿ ಮೂವತ್ಮೂರು ವರ್ಷದಿಂದ ಅಮ್ಮ ಬಟ್ಟೆಯ ಕ್ಲಿಪ್ಪು ತುಂಬಿಟ್ಟಿದ್ದಾಳೆ. ಅವನ್ನು ನೀನೇ ತೆಗೆದಿಡು. ನಾನು ಬಂದ ಮರುದಿನ, ಶನಿವಾರ, ವರ್ಷದ ಅತಿ ಚಿಕ್ಕ ಹಗಲು, ಒಂಬತ್ತಕ್ಕೆ ನಿಮ್ಮಿಬ್ಬರಿಗೂ ಕಾಫಿ ನಾನು ತರುತ್ತೇನೆ. ಸ್ಟೇಷನ್ನಿಗೆ ಬಾ, ಬಲಗೈ ಮಡಚಿಕೊಂಡೇ ಇಳಿಯುತ್ತೇನೆ: ಜೂನ್ ೨೧, ಶುಕ್ರವಾರ, ಮೆಲ್ಬರ್ನ್‌ನಿಂದ ಮಧ್ಯಾಹ್ನ ಎರಡೂ ಹತ್ತಕ್ಕೆ ಬಲ್ಲಾರಟ್ ಮುಟ್ಟುವ ರೈಲು.