ಟಗರು ತಲಿ ಕೊಡವಿದ್ದು

ಮಲ್ಕಾಜ್‌ಗಿರಿ

ಅಪ್ಪ, ಶರಣ್ರಿ.

ಫೋನಿನ್ಯಾಗ ನೀವು ನನಗ ಮಾತು ಮುಗಿಸಾಕ ಬಿಡಂಗಿಲ್ಲ. ಅದಕ್ಕ ಈ ಕಾಗದ ಬರದು ತಾಯಪ್ಪ ಕಾಕಾನ ಕೈಯಾಗ ಕಳಿಸಾಕತ್ತೀನಿ.

ನೀವು ಊರಿಗೆ ಹೋದ ಮ್ಯಾಲೆ ಬಂಡೆಮ್ಮತ್ತಿಯ ಟಗರು ಮೇವು ಬಿಟ್ಟಿತ್ತು. ಸಿಂಬಳ ಸುರಿಸ್ಕೋತ, ಸೀನ್ಕೋತ, ತಲಿ ಕೊಡವಕೋತ, ಮೂತಿ ನೆಲಕ್ಕ ತಿಕ್ಕತಿತ್ತು. ನಾನೂ ಅತ್ತಿನೂ ಆಟೋದಾಗ ಹಾಕ್ಕೊಂಡು ದನದ ದವಾಖಾನಿಗೆ ಒಯ್ದಿವಿ. ಒಂದು ಜಾತಿ ನೊಣ ಕುರಿ ಮೂಗಿನ್ಯಾಗ ಮರಿಹುಳ ಬಿಟ್ಟು ಹೋಗತೈತಂತ, ಅವು ಒಳಗ ಬೆಳದು ಕಾಡತಾವಂತ. ಡಾಕ್ಟ್ರಮ್ಮ ತೆಲುಗಿನ್ಯಾಗ ಹೇಳಿ ಸೂಜಿ ಮಾಡಿದರು. ಆಮ್ಯಾಲೆ ಸೀನಿದಾಗ ದಪ್ಪ ದಪ್ಪ ಹುಳ ಬಿದ್ದವು. ಈಗ ಅದು ಸೀನಂಗಿಲ್ಲ, ತಲಿನೂ ಕೊಡವಂಗಿಲ್ಲ.

ಅಪ್ಪ, ಪರಮೇಶನ ಜೋಡಿ ನನ್ನ ಲಗ್ನಕ್ಕ ನೀವು ದೇವಿ ಅಪ್ಪಣಿ ಕೇಳಿದ್ದು ಇದೇ ಟಗರಿನ ಮ್ಯಾಲೆ ಅರಿಷಿಣ ನೀರು ಹಾಕಿ. ಅದು ತಲಿ ಕೊಡವಿತು, ದೇವಿ ಹೂಂ ಅಂದಳು ಅಂತ ಅವರ ಮನಿಗೆ ಮಾತು ಕೊಟ್ಟು ಹೋದ್ರಿ. ನೀರು ಬೀಳೂಕಿಂತ ಮೊದಲ ಅದು ತಲಿ ಕೊಡವಾಕತ್ತಿತ್ತು. ತಂಬಿಗಿ ಹಿಡಕೊಂಡು ನಿಂತಾಕಿ ನಾನೇ.

ಇನ್ನೊಮ್ಮೆ ನೀರು ಹಾಕಿ ನೋಡೂಣು ಅಂದಳು ಅತ್ತಿ. ಬ್ಯಾಡ ಅಂದೆ. ದೇವಿ ಮ್ಯಾಲೆ ನನಗ ಸಿಟ್ಟಿಲ್ಲ. ಪರಮೇಶನೂ ಕೆಟ್ಟವನಲ್ಲ, ನಾ ಹೂಂ ಅಂದರೂ ಅನ್ನಬಹುದು.

ನಮ್ಮ ಕುರಿಗಳ ಮೂಗೂ ಒಮ್ಮೆ ಡಾಕ್ಟರಿಗೆ ತೋರಸ್ರಿ. ಲಗ್ನಪತ್ರಿಕಿ ಅಚ್ಚಿಗೆ ಕೊಡಬ್ಯಾಡ್ರಿ. ಪುರುಸೊತ್ತು ಮಾಡಿಕೊಂಡು ಬರ್ರಿ, ನನ್ನ ಎದುರಿಗೆ ಕುಂದರ್ರಿ. ಟಗರಿಗೆ ಕೇಳಿದ ಮಾತು ಈ ಸಲ ನನಗ ಕೇಳ್ರಿ.

ನಿಮ್ಮ ಮಗಳು
ಗುರುದೇವಿ